ಪೌಣೆ ಹತ್ತು

ನನಗೆ ಕೋಪ ಮೂಗಿನ ತುದಿಯಲ್ಲೇ. ತುಮಕೂರು ಕಡೆಯಿಂದ ವನದುರ್ಗದ ಹತ್ತಿರದ ಊರಿನ ಶಾಲೆಗೆ ಟೀಚರಾಗಿ ಬಂದ ಮೊದಲ ವರ್ಷ ಅದು ಇನ್ನೂ ಜಾಸ್ತಿಯಿತ್ತು. ಈ ಕಡೆಯ ಮಾತು ಅರ್ಧ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ ಅರ್ಧಕ್ಕೆ ನಾನು 'ತಪ್ಪು' ಎಂದು ಹೆಸರಿಟ್ಟುಬಿಡುತ್ತಿದ್ದೆ.

ಮೂರನೇ ತರಗತಿಗೆ ಗಡಿಯಾರದ ಪಾಠ. ಬಿಸ್ಕತ್ತಿನ ಡಬ್ಬಿಯ ರಟ್ಟು ಕತ್ತರಿಸಿ ನಾನೇ ಗಡಿಯಾರ ಮಾಡಿಕೊಂಡು ಹೋಗಿದ್ದೆ. ಮುಳ್ಳುಗಳನ್ನು ಒಂಬತ್ತು ಮುಕ್ಕಾಲಿಗೆ ಇಟ್ಟು, "ಗಂಟೆ ಎಷ್ಟು?" ಎಂದೆ. ಕೊನೆಯ ಸಾಲಿನ ಒಬ್ಬ ಹುಡುಗಿ ಕೈ ಎತ್ತಿದಳು. ಶಾಲೆ ಶುರುವಾದಾಗಿನಿಂದ ಅವಳು ಬಾಯಿ ಬಿಟ್ಟಿರಲಿಲ್ಲ.

"ಪೌಣೆ ಹತ್ತ್ರೀ, ಟೀಚರ್."

ನನಗೆ ಕೇಳಿಸಿದ್ದು ಹತ್ತು ಮಾತ್ರ. "ಹತ್ತು ಎಲ್ಲಾಯಿತು? ಕಣ್ಣು ಬಿಟ್ಟು ನೋಡು. ಕೂತ್ಕೋ," ಎಂದು ಗದರಿದೆ. ಅವಳು ಕೂತಳು. ಮತ್ತೆ ಕೈ ಎತ್ತಲಿಲ್ಲ. ಗಡಿಯಾರ ತೆಗೆದರೆ ಸಾಕು, ತಲೆ ತಗ್ಗಿಸಿ ಸ್ಲೇಟು ಒರೆಸುತ್ತಾ ಕೂರುತ್ತಿದ್ದಳು. ಸಿಗ್ಗಿನ ಮಗು ಎಂದುಕೊಂಡು ನಾನೂ ಸುಮ್ಮನಾದೆ.

ಹದಿನೈದು ದಿನ ಕಳೆದಿರಬೇಕು. ನಾನು ದಿನವೂ ಹತ್ತುತ್ತಿದ್ದ ಶಹಾಪುರದ ಬಸ್ಸಿನ ಸಮಯ ಬದಲಾಯಿತು. ಊರ ಮುಂದಿನ ಚಹಾ ಅಂಗಡಿಯವರನ್ನು ಕೇಳಿದರೆ, "ಪೌಣೆ ಐದಕ್ಕ ಬರ್ತದ್ರಿ," ಎಂದರು. ಐದರ ಮೇಲೆ ಎಷ್ಟೋ ನಿಮಿಷ ಇರಬೇಕು ಎಂದುಕೊಂಡು ಐದಕ್ಕೆ ಸರಿಯಾಗಿ ಹೋಗಿ ನಿಂತೆ. ಬಸ್ಸು ಹೋಗಿ ಧೂಳೂ ಕೂತಿತ್ತು.

"ನೀವೇ ಪೌಣೆ ಐದು ಅಂದ್ರಲ್ಲ," ಎಂದು ಅವರ ಮೇಲೇ ರೇಗಿದೆ.

ಅವರು ಚಹಾ ಸೋಸುತ್ತಲೇ ಹೇಳಿದರು: "ಹೌದ್ರಿ. ಪೌಣೆ ಐದು ಅಂದ್ರ ಐದಕ್ಕ ಇನ್ನಾ ಕಾಲು ತಾಸು ಕಮ್ಮಿ. ನಾಕೂ ಮುಕ್ಕಾಲು. ಸಾಲಿ ಕಲಿಸೋರಿಗಿ ಇಷ್ಟ್ ಗೊತ್ತಿಲ್ಲೇನ್ರಿ?"

ಬಸ್ಸು ಮರೆತೇಹೋಯಿತು. ಹಾಗಾದರೆ ಆ ಹುಡುಗಿ ಹೇಳಿದ್ದು ಸರಿಯಾಗಿತ್ತು. ಬೆಂಚಿನ ಮೇಲೆ ಕೂತು ಇನ್ನೊಂದು ಬಸ್ಸು ಬರುವತನಕ ನಾಚಿಕೆಪಟ್ಟೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಆ ಮಗುವಿನ ಮಾತು ತಿರುಗಿ ಬರುತ್ತದೋ ಇಲ್ಲವೋ ಎಂದು ಭಯವಾಯಿತು.

ಮರುದಿನ ಅವಳನ್ನು ಮುಂದೆ ಕರೆದು, ಎಲ್ಲರಿಗೂ ಕೇಳುವಂತೆ, "ಅವತ್ತು ಇವಳು ಹೇಳಿದ್ದೇ ಸರಿ, ತಪ್ಪು ನನ್ನದು," ಎಂದೆ. ಪೌಣೆ ಯಾರು ಕಲಿಸಿದರು ಎಂದೂ ಕೇಳಿದೆ. ಅವಳು ನೆಲ ನೋಡುತ್ತಾ ನಿಂತಳು. ಸಣ್ಣ ದನಿ ಬಂತು.

"ನಮ್ಮವ್ವ ದಿನಾ ಅಂತಾಳ್ರಿ. ಪೌಣೆ ಹತ್ತಾತು, ಸಾಲಿಗಿ ನಡಿ ಅಂತ."

ರಟ್ಟಿನ ಗಡಿಯಾರವನ್ನು ಅವಳ ಕೈಗೆ ಕೊಟ್ಟು, "ಇವತ್ತು ನೀನೇ ಟೀಚರ್," ಎಂದೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮತ್ತೆ ನನ್ನ ಕೈಗೇ ಇಟ್ಟಳು.

"ಸವ್ವಾ ಹತ್ತು ಮಾಡ್ರಿ."

ಸವ್ವಾ ಅಂದರೇನೋ ಯಾರಿಗೆ ಗೊತ್ತು? ಪೌಣೆಯ ತಂಗಿ, ಇನ್ನೂ ಕಾಲು ತಾಸು ಕಮ್ಮಿಯಿರಬೇಕು ಎಂದು ಒಂಬತ್ತೂವರೆಗೆ ಮುಳ್ಳು ತಿರುಗಿಸಿದೆ. ತರಗತಿಯೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿತು.

"ಹತ್ತು ದಾಟಿ ಕಾಲು ತಾಸು ಹೋಗ್ಬೇಕ್ರಿ. ಕಣ್ಣ ಬಿಟ್ಟ ನೋಡ್ರಿ," ಎಂದಳು, ನನ್ನದೇ ದನಿಯಲ್ಲಿ.

"ಹಾಗಾದರೆ ನಾನು ಹೋಗಿ ಕೂತ್ಕೊಳ್ಳಲಾ?"

ಅವಳು ಮುಳ್ಳುಗಳನ್ನು ಮತ್ತೆ ಹನ್ನೆರಡಕ್ಕೆ ತಂದಿಟ್ಟಳು.

"ಬ್ಯಾಡ್ರಿ. ಇನ್ನೊಮ್ಮಿ ಮಾಡ್ರಿ."