ಹೊಳೆಗೆ ಇಳಿಸಿದ ಅಕ್ಕ

ಅಕ್ಕನ ಬೆನ್ನಿನ ಮೇಲೆ ಯಾವಾಗಲೂ ಅಂಗೈಯಗಲದ ಒದ್ದೆ ಇರುತ್ತಿತ್ತು. ಬೆಳಗ್ಗೆ ಹೊಳೆಯಲ್ಲಿ ಮುಳುಗಿ ಬಂದ ಕೂದಲನ್ನು ಅವರು ಸರಿಯಾಗಿ ಒರೆಸಿದ್ದನ್ನು ನಾನು ನೋಡಿಲ್ಲ. ತುದಿಗೊಂದು ಸಡಿಲ ಗಂಟು ಹಾಕಿ, ತುಳಸಿಯ ಕುಡಿ ಸಿಕ್ಕಿಸಿ ಬಿಟ್ಟುಬಿಡುತ್ತಿದ್ದರು. ಅದು ಮಧ್ಯಾಹ್ನದವರೆಗೂ ರವಿಕೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಮುಖವಲ್ಲ, ಆ ಒದ್ದೆ ಬೆನ್ನು. ಮೊದಮೊದಲು ನಾನು ಎಲ್ಲಿಗೆ ಹೋದರೂ ಅವರ ಹಿಂದೆಯೇ ಹೋಗುತ್ತಿದ್ದೆನಲ್ಲ!

ತಿರುವನಂತಪುರದ ಕರಮನದಲ್ಲಿ ನಮ್ಮದು ಅಕ್ಕಪಕ್ಕದ ಮನೆ. ಅವರ ಯಜಮಾನರು ಕಾಸರಗೋಡಿನ ಕೋರ್ಟಿನಲ್ಲಿದ್ದವರು, ರಾಜ್ಯಗಳ ವಿಂಗಡಣೆಯಲ್ಲಿ ಆ ಊರು ಕೇರಳಕ್ಕೆ ಸೇರಿದ ಮೇಲೆ ಇಲ್ಲಿಗೆ ವರ್ಗವಾಗಿ ಬಂದಿದ್ದರು. ನನ್ನ ಯಜಮಾನರಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತಿಕೆ. ಮದುವೆಯಾಗಿ ಚಳ್ಳಕೆರೆ ಕಡೆಯಿಂದ ಬಂದಾಗ ನನಗೆ ಮಲಯಾಳದ ಒಂದು ಅಕ್ಷರವೂ ಬಾರದು. ಯಜಮಾನರು ಒಂದಷ್ಟು ದಿನ ಕೂರಿಸಿಕೊಂಡು ಕಲಿಸಲು ನೋಡಿದರು, ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗಾಯಿತು. ಬೀದಿ ತುಂಬ ಹೆಂಗಸರಿದ್ದರೂ ನಾನು ಮಾತಾಡಬಹುದಾಗಿದ್ದದ್ದು ಈ ಅಕ್ಕನ ಜೊತೆ ಮಾತ್ರ.

ಬಂದ ಹೊಸತರಲ್ಲಿ ಅವರ ಹಿಂದೆ ಹೊಳೆಗೆ ಹೋದೆ. ಹೋದವಳು ಮಾಡಿದ್ದೇನು? ಕಡವು ಎನ್ನುವ ಸ್ನಾನಘಟ್ಟದ ಕೊನೆಯ ಮೆಟ್ಟಿಲಲ್ಲಿ ಬಗ್ಗಿ ಒಂದು ಬಕೆಟ್ ನೀರು ತುಂಬಿಕೊಂಡೆ, ಮೇಲಕ್ಕೆ ಹೊತ್ತುಕೊಂಡು ಬಂದೆ, ಮರದ ಮರೆಯಲ್ಲಿ ಕೂತು ಚೊಂಬಿನಿಂದ ಒಂದಿಷ್ಟೂ ಚೆಲ್ಲದ ಹಾಗೆ ಮೈಮೇಲೆ ಹುಯ್ದುಕೊಂಡೆ. ಕಾಲಿಗೊಂದು ಚೊಂಬು ಉಳಿಸಿಯೂ ಇಟ್ಟಿದ್ದೆ. ನಮ್ಮೂರಲ್ಲಿ ನೀರು ಬಳಸುವ ರೀತಿಯೇ ಅದು, ಅದಕ್ಕೆ ನಾಚಿಕೆ ಏನು ಬಂತು! ಆದರೆ ತಲೆ ಎತ್ತಿ ನೋಡಿದರೆ ಕಡವಿನ ಹೆಂಗಸರೆಲ್ಲ ಸ್ನಾನ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಅಕ್ಕ ಎದೆಮಟ್ಟದ ನೀರಿನಿಂದಲೇ ಕೂಗಿದರು.

“ಎಂತ ಮಾರಾಯ್ತಿ ಅದು? ಇಷ್ಟು ದೊಡ್ಡ ಹೊಳೆ ಎದುರಿಗೆ ಉಂಟು, ನೀನು ಬಕೆಟಿನಲ್ಲಿ ಮೀಯುವುದಾ?”

“ನಂಗೆ ನೀರು ಕಂಡ್ರೆ ಭಯ ಕಣಕ್ಕಾ” ಎಂದೆ. ಅವರು ಅದನ್ನು ಮಲಯಾಳದಲ್ಲಿ ಉಳಿದವರಿಗೆ ಹೇಳಿದರು. ಆ ನಗೆ ಆಚೆ ದಡಕ್ಕೂ ಕೇಳಿಸಿರಬೇಕು.

ಅವರಿಗೆ ಊರೆಂದರೆ ಹೊಳೆ. ದಾರಿ ಹೇಳುವಾಗ ಎಡ ಬಲ ಎನ್ನುತ್ತಿರಲಿಲ್ಲ, ಹೊಳೆಯ ಮೇಲಕ್ಕೆ, ಹೊಳೆಯ ಕೆಳಕ್ಕೆ ಎನ್ನುತ್ತಿದ್ದರು. ಆಚೆ ದಡದ ತೋಟಗಳಿಗೆ ನೀರು ನುಗ್ಗಿತೆಂದರೆ, “ಇನ್ನು ಚಾಲೈ ಪೇಟೆಯಲ್ಲಿ ಬಾಳೆಕಾಯಿಯ ಬೆಲೆ ಮುಟ್ಟುವ ಹಾಗಿಲ್ಲ” ಎಂದು ನನ್ನನ್ನು ಅವಸರವಾಗಿ ಪೇಟೆಗೆ ಎಳೆದುಕೊಂಡು ಹೋಗುತ್ತಿದ್ದರು. ಮನೆಯಲ್ಲಿ ನಲ್ಲಿ ಇದೆಯಲ್ಲ ಅಕ್ಕ, ಯಾಕೆ ಇಷ್ಟು ದೂರ ಎಂದು ಕೇಳಿದ್ದಕ್ಕೆ, “ನಲ್ಲಿಯಲ್ಲಿ ಬರುವುದೂ ಇದೇ ಹೊಳೆ. ಮೇಲೆ ಅರುವಿಕ್ಕರದಲ್ಲಿ ಹೊಳೆಗೆ ಅಡ್ಡ ಕಟ್ಟ ಕಟ್ಟಿ, ಪೈಪಿಗೆ ಹಾಕಿ ತರುತ್ತಾರೆ. ಕಟ್ಟಿ ಹಾಕಿದ್ದು ಯಾಕೆ, ಬಿಟ್ಟದ್ದೇ ಇರುವಾಗ?” ಎಂದರು. ಬೀದಿಯ ಕೆಲಸಗಳೆಲ್ಲ ನಡೆಯುತ್ತಿದ್ದದ್ದೂ ಆ ಕಡವಿನಲ್ಲೇ. ದಾಸವಾಳದ ಎಲೆಯ ಗೊಂಪು ತಲೆಗೆ ತಿಕ್ಕುತ್ತಾ ಅಲ್ಲಿ ಹೆಣ್ಣು ಗಂಡಿನ ಮಾತಾಗುತ್ತಿತ್ತು, ಜ್ವರಕ್ಕೆ ಕಷಾಯ ತಿಳಿಯುತ್ತಿತ್ತು, ಜಗಳ ಹುಟ್ಟಿ ಅಲ್ಲೇ ಮುಗಿಯುತ್ತಿತ್ತು. ನೀರಿಗೆ ಇಳಿಯದವಳಿಗೆ ಇದರಲ್ಲಿ ಯಾವುದೂ ಇಲ್ಲ. ನಾನು ಬಕೆಟ್ ಹಿಡಿದು ಮೇಲೆಯೇ ಕೂತಿರುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಸಾಕಾಗಿ ಹೋಗಿತ್ತು. ದಸರೆಗೆ ತವರಿಗೆ ಹೋಗುವುದು, ತಿರುಗಿ ಬರುವುದಿಲ್ಲ ಎಂದು ತೀರ್ಮಾನ ಮಾಡಿದೆ. ಯಜಮಾನರಿಗೆ ಹೇಳುವ ಧೈರ್ಯವಿಲ್ಲದೆ ಅಕ್ಕನಿಗೆ ಹೇಳಿದೆ. ಗಂಡನ ಮನೆ, ಹೆಣ್ಣಿನ ಧರ್ಮ ಎಂದೇನಾದರೂ ಶುರುಮಾಡುತ್ತಾರೆಂದು ಕಾದೆ. ಅವರು ಹಾಗೇನೂ ಅನ್ನಲಿಲ್ಲ.

“ಹೋಗು. ಆದರೆ ಒಂದು ಸಲ ಮುಳುಗಿ ಹೋಗು. ಇಲ್ಲಿವರೆಗೆ ಬಂದು ಹೊಳೆಗೆ ಇಳಿಯದೆ ಹೋದಳು ಅಂತ ಆಗುವುದು ಬೇಡ” ಎಂದರು.

ಮರುದಿನ ನನ್ನ ಮಣಿಕಟ್ಟು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದರು. ಮೊಣಕಾಲಿಗೆ ನೀರು ಬಂದಾಗ ಕಿರುಚಿದೆ. “ನೀರಿಗಿಳಿದ ಮೇಲೆ ಮಳೆ ಏನು, ಚಳಿ ಏನು, ಬಾ” ಎಂದು ಎಳೆದರು. ಸೊಂಟದ ಮಟ್ಟಕ್ಕೆ ಬಂದು ನಿಂತಾಗ ಅವರೇ ಮಾತು ತೆಗೆದರು. “ನಮ್ಮಲ್ಲಿ ಚಂದ್ರಗಿರಿ ಹೊಳೆ ಉಂಟಲ್ಲಾ, ಅದನ್ನು ದಾಟಿದರೆ ಮಲಯಾಳ ದೇಶ ಅಂತ ಅಜ್ಜಿ ಹೇಳುತ್ತಿದ್ದರು. ನಾವು ದಾಟಲೇ ಇಲ್ಲ ಮಾರಾಯ್ತಿ. ಈಚೆ ದಡದಲ್ಲೇ ಕೂತಿದ್ದೆವು, ಮಲಯಾಳವೇ ಹೊಳೆ ದಾಟಿ ಬಂತು. ಇಲ್ಲಿಗೆ ಬಂದ ಮೊದಲ ವರ್ಷ ನಾನು ದಿನಾ ಇಲ್ಲೇ ನಿಂತು ಅಳುತ್ತಿದ್ದೆ. ಮುಖ ಹೇಗೂ ಒದ್ದೆ, ಯಾರಿಗೆ ಗೊತ್ತಾಗುತ್ತದೆ!”

ಸದಾ ಬೇರೆಯವರನ್ನು ನಗಿಸುವ ಈ ಹೆಂಗಸು ಅತ್ತಿದ್ದಾರೆಂದು ನಾನು ಎಣಿಸಿಯೇ ಇರಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿದ್ದ, ಹೆಸರೂ ಗೊತ್ತಿಲ್ಲದ ಹೆಂಗಸೊಬ್ಬಳು “ಕುಞ್ಞಿನೆ ಒನ್ನು ಪಿಡಿಚ್ಚೇ” ಎಂದು ತನ್ನ ಎಳೆಗೂಸನ್ನು ನನ್ನ ಕೈಗೆ ಕೊಟ್ಟು ನೀರಿನಲ್ಲಿ ಮುಳುಗಿಯೇಬಿಟ್ಟಳು. ಎಣ್ಣೆ ಹಚ್ಚಿದ ಕೂಸು, ಮೀನಿನ ಹಾಗೆ ಜಾರುತ್ತಿತ್ತು. ಎದೆಗೆ ಅವಚಿಕೊಂಡು ಕಾಲು ಗಟ್ಟಿಯಾಗಿ ಊರಿದೆ. ಅವಳು ಎದ್ದು ಬರುವವರೆಗೆ ನನಗೆ ನನ್ನ ಭಯದ ನೆನಪೇ ಆಗಲಿಲ್ಲ. ಮಗುವನ್ನು ವಾಪಸು ಪಡೆದು ಅವಳು ನಕ್ಕಳು, ಏನೋ ಕೇಳಿದಳು. ನಾನು ಅಕ್ಕನ ಮುಖ ನೋಡಿದೆ.

“ನನ್ನನ್ನು ಯಾಕೆ ನೋಡುವುದು? ಅವಳಿಗೆ ಹೇಳು” ಎಂದು ಅವರು ಬೇಕೆಂದೇ ಈಜಿಕೊಂಡು ದೂರ ಹೋದರು.

ದಸರೆಗೆ ಹೋದೆ. ಹಬ್ಬ ಮುಗಿದದ್ದೇ ತಿರುಗಿ ಬಂದೆ. ವರ್ಷ ತುಂಬುವ ಮೊದಲು ಕಡವಿನ ಜಗಳಗಳಲ್ಲಿ ನನ್ನದೂ ಒಂದು ಬಾಯಿ ಸೇರಿತ್ತು. “ಇವಳಿಗೆ ಭಾಷೆ ಕಲಿಸಿ ತಪ್ಪು ಮಾಡಿದೆವು” ಎಂದು ಅಕ್ಕ ಎಲ್ಲರೆದುರು ಛೇಡಿಸುತ್ತಿದ್ದರು.

ಅವರ ಯಜಮಾನರು ನಿವೃತ್ತರಾದ ಮೇಲೆ ಇಬ್ಬರೂ ಕಾಸರಗೋಡಿಗೆ ಹೊರಟುಹೋದರು. ಕೆಲವು ವರ್ಷಗಳ ನಂತರ ಒಂದು ಬೆಳಗ್ಗೆ, ಆ ಕಡೆಯಿಂದ ಬಂದ ಪರಿಚಿತರೊಬ್ಬರು ಬಾಗಿಲಲ್ಲಿ ನಿಂತು, ಅಕ್ಕ ತೀರಿಕೊಂಡರು ಎಂದು ಹೇಳಿದರು. ನಾನು ಟವೆಲು ತೆಗೆದುಕೊಂಡು ಹೊರಟೆ. ಸಾವಿನ ಸುದ್ದಿ ಕೇಳಿದರೆ ಸ್ನಾನ ಮಾಡಬೇಕಾದದ್ದು ಸಂಬಂಧಿಕರು. “ಅವರು ನಮಗೇನಾಗ್ಬೇಕು? ನಮಗೆ ಸೂತಕ ಇಲ್ಲ ಕಣೇ” ಎಂದು ಯಜಮಾನರು ಮೆಲ್ಲಗೆ ಹೇಳಿದರು.

ಉಟ್ಟ ಸೀರೆಯಲ್ಲೇ ಹೊಳೆಗೆ ಇಳಿದು ತಲೆ ಮುಳುಗಿಸಿದೆ. ಎಣ್ಣೆಯಿಲ್ಲ, ಗೊಂಪಿಲ್ಲ, ಒಬ್ಬರ ಜೊತೆಗೂ ಮಾತಿಲ್ಲ. ನೋಡಿದವರಿಗೆ ಅರ್ಥವಾಯಿತು.

“ಆರಾ ಮರಿಚ್ಚದು?” ಎಂದು ಒಬ್ಬಳು ಕೇಳಿದಳು. ಸತ್ತದ್ದು ಯಾರೆಂದು.

“ಎಂಡೆ ಚೇಚ್ಚಿ” ಎಂದೆ. ನನ್ನ ಅಕ್ಕ.

ಕಡವಿನ ಹೆಂಗಸರೆಲ್ಲ ಒಗೆಯುತ್ತಿದ್ದ ಬಟ್ಟೆಗಳನ್ನು ಕಲ್ಲಿನ ಮೇಲೆ ಬಿಟ್ಟು, ನೀರಿಗೆ ಇಳಿದು, ನನ್ನ ಎರಡೂ ಪಕ್ಕಕ್ಕೆ ಬಂದು ನಿಂತುಕೊಂಡರು.