ಹೂಂ ಅನ್ನಲಿ, ಇಲ್ಲ ಅನ್ನಲಿ

ವಿಜಯಪುರದಿಂದ ಟಿಕೋಟಾ ಮೇಲೆ ಕಳ್ಳಕವಟಗಿಗೆ ಹೋಗುವ ಸಂಜೆಯ ಬಸ್ಸಿನಲ್ಲಿ ಎಷ್ಟೇ ಗದ್ದಲವಿದ್ದರೂ ಲಲಿತಾಳಿಗೆ ಕೂಡಲು ಜಾಗ ಸಿಗುತ್ತಿತ್ತು. ಅವಳು ನಗರದ ಒಂದು ಖಾಸಗಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್. ಆ ಬಸ್ಸಿನ ಅರ್ಧ ಹೆಂಗಸರ ಮಕ್ಕಳನ್ನು ಮೊದಲು ಕೈಗೆತ್ತಿಕೊಂಡವಳು ಅವಳೇ. ಹೀಗಾಗಿ ಸೀಟಿನ ಜೊತೆಗೆ ಪ್ರಶ್ನೆಗಳೂ ಬರುತ್ತಿದ್ದವು. "ಸಿಸ್ಟರ, ಕೂಸಿಗಿ ಕೆಮ್ಮ ಹತ್ತೈತ್ರಿ," "ಸಿಸ್ಟರ, ಹಾಲ ಕುಡಿಯವಲ್ದರಿ." ಅವಳು ಎಲ್ಲರಿಗೂ ಉತ್ತರ ಕೊಟ್ಟು, ಉಳಿದ ಹೊತ್ತಿನಲ್ಲಿ ಬಾಯಿ ತೆರೆದುಕೊಂಡೇ ನಿದ್ದೆ ಹೋಗುತ್ತಿದ್ದಳು. ಊರು ಬಂದಾಗ ಕಂಡಕ್ಟರನೇ ಎಬ್ಬಿಸುತ್ತಿದ್ದ.

ಹುಟ್ಟಿದ್ದು ಹೊನವಾಡದಲ್ಲಿ, ದ್ರಾಕ್ಷಿ ಬೆಳೆಯುವ ಖಂಡಪ್ಪನ ಮಗಳಾಗಿ. ಜೋರು ನಗು, ನೇರ ಮಾತು. ಮದುವೆಯಾದ ಮೇಲೆ ನೌಕರಿ ಬಿಡಬೇಕು ಎಂದ ವರಗಳನ್ನೆಲ್ಲ ಚಹಾ ಕುಡಿಸಿಯೇ ಸಾಗಹಾಕಿದ್ದಳು. ಮೂವತ್ತರ ಹತ್ತಿರ ಬಂದಾಗ ಕಳ್ಳಕವಟಗಿಯ ಕುರಿ ಕಾಯುವ ಮನೆತನದ ಅಮೋಘಸಿದ್ದ ನೋಡಲು ಬಂದ. ಪಶುಪಾಲನೆಯಲ್ಲಿ ಡಿಪ್ಲೊಮಾ ಮಾಡಿ, ಕೆನಡಾದ ಒಂದು ದೊಡ್ಡ ಕುರಿ ಫಾರ್ಮಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲಿ ಕಾಯಂ ಇರುವ ಕಾರ್ಡು ಪಡೆದಿದ್ದ. ರಜೆಯ ಮೇಲೆ ಊರಿಗೆ ಬಂದವನು. ಎಲ್ಲರ ಮುಂದೆ ನಾಚಿಕೊಂಡು ಅವನು ಹೇಳಿದ್ದು ಒಂದೇ ಮಾತು: "ನೌಕರಿ ಬಿಡಬ್ಯಾಡ್ರಿ. ಅಲ್ಲೂ ನರ್ಸ್ ಬೇಕಾಗ್ಯಾರ." ಲಲಿತಾ ಅಲ್ಲೇ ಒಪ್ಪಿಬಿಟ್ಟಳು.

ಮದುವೆಯಾಗಿ ಎರಡು ತಿಂಗಳು ಜೊತೆಗಿದ್ದರು. ಅವನು ಮರಳಿ ಹೋಗುವ ಮುನ್ನ ಹೆಂಡತಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ. "ವರ್ಷ ತುಂಬೂದ್ರಾಗ ನೀ ಅಲ್ಲಿರ್ತಿ," ಎಂದ. ವರ್ಷ ತುಂಬಿತು. ಮತ್ತೊಂದು ತುಂಬಿತು, ಮೂರನೆಯದೂ ತುಂಬಿತು. ಅರ್ಜಿಯ ಸ್ಥಿತಿ ನೋಡಲು ಫೋನು ತೆರೆದಾಗಲೆಲ್ಲ 'ಪರಿಶೀಲನೆಯಲ್ಲಿದೆ' ಎಂಬ ಅದೇ ಒಂದು ಸಾಲು. ಮಾಡಿಸಿದ್ದ ವೈದ್ಯಕೀಯ ತಪಾಸಣೆಯ ಅವಧಿ ಮುಗಿದು ಮತ್ತೆ ಮಾಡಿಸಬೇಕಾಯಿತು. ಪೊಲೀಸರ ಪ್ರಮಾಣಪತ್ರದ್ದೂ ಹಾಗೇ ಆಯಿತು. ಟಿಕೋಟಾ ಠಾಣೆಗೆ ಎರಡನೆಯ ಸಲ ಹೋದಾಗ ಮುದಿ ಪೇದೆಯೊಬ್ಬ ಕಣ್ಣರಳಿಸಿ, "ನೀವಿನ್ನೂ ಹೋಗಿಲ್ರಿ ಮೇಡಮ್ಮಾರ?" ಎಂದ. "ನಿಮ್ಮನ್ನೆಲ್ಲಾ ಬಿಟ್ಟ ಹೋಗಾಕ ಮನಸಾಗವಲ್ದರಿ," ಎಂದಳು ಲಲಿತಾ. ಠಾಣೆಯೆಲ್ಲ ನಕ್ಕಿತು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಮಾತ್ರ ಅವಳಿಗೆ ನಗು ಬರಲಿಲ್ಲ.

ಇಷ್ಟರಲ್ಲಿ ಅವಳು ಗಂಡನಿಗಿಂತ ಅತ್ತೆಯನ್ನು ಹೆಚ್ಚು ಬಲ್ಲವಳಾಗಿದ್ದಳು. ಸಾವಂತ್ರವ್ವನ ಮನೆಯಲ್ಲಿ ಹಿರಿಯ ಮಗ, ಹಿರಿಯ ಸೊಸೆ, ಮೊಮ್ಮಕ್ಕಳು, ಮೇಲೆ ಒಂದು ಹಿಂಡು ಕುರಿ. ಮುದುಕಿ ಇವರೆಲ್ಲರನ್ನೂ ಒಂದೇ ದನಿಯಲ್ಲಿ ಗದರುತ್ತಿದ್ದಳು. ಲಲಿತಾ ಸಂಜೆ ಬಂದು ಚಪ್ಪಲಿ ಕಳಚುವುದರೊಳಗೆ ಚಹಾ ಕುದಿಯುತ್ತಿತ್ತು. ಅದೇ ಹೊತ್ತಿಗೆ ಕೆನಡಾದಲ್ಲಿ ಬೆಳಗಾಗಿ, ಅಮೋಘಸಿದ್ದ ವಿಡಿಯೋ ಕಾಲ್ ಮಾಡುತ್ತಿದ್ದ. ಸಾವಂತ್ರವ್ವ ಮಗನ ಮುಖ ಒಂದು ಗಳಿಗೆ ನೋಡಿ, "ಕುರಿ ತೋರ್ಸೋ," ಎನ್ನುತ್ತಿದ್ದಳು. ಅವನು ಫೋನು ತಿರುಗಿಸಿದರೆ ಉಣ್ಣೆಯ ಗುಡ್ಡೆಗಳಂಥ ಕುರಿಗಳು. "ಇವೇನ ಕುರಿನೋ, ಹಾಸ್ಗಿ ಸುತ್ತಿ ಇಟ್ಟಾರೋ!" ಎಂದು ಆಕೆ ಪ್ರತಿಸಲವೂ ಬೆರಗಾಗುವಳು. ಅತ್ತೆಯ ಪಾಳಿ ಮುಗಿದು ಫೋನು ಲಲಿತಾಳ ಕೈಗೆ ಬರುವಷ್ಟರಲ್ಲಿ ಅವನ ಕೆಲಸದ ಗಂಟೆ ಹೊಡೆದಿರುತ್ತಿತ್ತು.

ರುಕ್ಸಾರಳ ಪರಿಚಯವಾದದ್ದು ವಾರ್ಡಿನಲ್ಲಿ. ತಂಗಿಯ ಬಾಣಂತನಕ್ಕೆಂದು ಬಂದಿದ್ದಳು. ಮಾತಿಗೆ ಮಾತು ಬೆಳೆದು, ಅವಳ ಗಂಡ ಆರಿಫನೂ ಕೆನಡಾದಲ್ಲೇ ಒಂದು ಬೇಕರಿಯಲ್ಲಿದ್ದಾನೆ, ಅವಳ ಅರ್ಜಿಯೂ ಅಲ್ಲಿನ ವೀಸಾ ಕಚೇರಿಯಲ್ಲೇ ಮಲಗಿದೆ ಎಂಬುದು ಗೊತ್ತಾಯಿತು. ಇಬ್ಬರೂ ಕೈ ಹಿಡಿದುಕೊಂಡು ನಕ್ಕರು. ಅಂದಿನಿಂದ ಗೆಳೆತನ. ರುಕ್ಸಾರ ಜುಮ್ಮಾ ಮಸೀದಿಯ ಹಿಂದಿನ ಓಣಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಲಲಿತಾಳಿಗೆ ಬಸ್ಸು ತಪ್ಪಿದ ದಿನ ಅವಳ ಮನೆಯಲ್ಲೇ ಊಟ, ಅಲ್ಲೇ ವಸ್ತಿ.

ಒಂದು ಮಧ್ಯಾಹ್ನ ರುಕ್ಸಾರ ಆಸ್ಪತ್ರೆಗೇ ಬಂದು ಸುದ್ದಿ ಹೇಳಿದಳು. ಕೆನಡಾದ ವಕೀಲೆಯೊಬ್ಬಳು, ಹೀಗೆ ವರ್ಷಗಟ್ಟಲೆ ಕಾದು ಕೂತ ಗಂಡಹೆಂಡಿರನ್ನೆಲ್ಲ ಕೂಡಿಸಿ, ಅಲ್ಲಿನ ನ್ಯಾಯಾಲಯದಲ್ಲಿ ಒಟ್ಟಾಗಿ ದಾವೆ ಹೂಡುವವಳಿದ್ದಾಳೆ. ಸೇರುವವರು ತಿಂಗಳ ಕೊನೆಯೊಳಗೆ ಒಪ್ಪಿಗೆ ಕೊಡಬೇಕು.

"ನಾ ಸಹಿ ಮಾಡೇನಿ ಅಕ್ಕಾ. ನೀನೂ ಮಾಡು," ಎಂದಳು ರುಕ್ಸಾರ.

"ಸರ್ಕಾರದ ಮ್ಯಾಲ ಕೇಸ ಹಾಕೂದೇನ? ಸಿಟ್ಟಿಗೆದ್ದ ಫೈಲ್ ಹರದ ಒಗದ್ರ?"

"ಈಗೇನ ಅದನ್ನ ತೊಡಿ ಮ್ಯಾಲ ಕುಂಡ್ರಿಸ್ಕೊಂಡ ಮುದ್ದ ಮಾಡಾಕತ್ತಾರೇನ?"

ಲಲಿತಾ ನಕ್ಕಳು. ಆದರೆ ಹೂಂ ಅನ್ನಲಿಲ್ಲ. ಅವಳ ತವರುಮನೆಯಲ್ಲಿ ಕೋರ್ಟು ಎಂಬ ಮಾತನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ಹೊಲದ ಒಂದು ಬದುವಿನ ಸಲುವಾಗಿ ಅಪ್ಪ ಖಂಡಪ್ಪ ಮತ್ತು ದೊಡ್ಡಪ್ಪ ಅವಳ ಬಾಲ್ಯವಿಡೀ ಕೋರ್ಟಿಗೆ ಅಲೆದಿದ್ದರು. ಒಂದೇ ಬಸ್ಸಿನಲ್ಲಿ ಹೋಗಿ, ಒಂದೇ ಕಟ್ಟೆಯ ಎರಡು ತುದಿಗೆ ಕೂತು, ಮಾತಿಲ್ಲದೆ ಮರಳುತ್ತಿದ್ದರು. ತೀರ್ಪು ಬರುವ ಮೊದಲೇ ದೊಡ್ಡಪ್ಪ ತೀರಿಕೊಂಡ.

ಅಂದು ಸಂಜೆ ಗಂಡನಿಗೆ ಹೇಳಿದಳು. ಅಮೋಘಸಿದ್ದ ಗಾಬರಿಯಾದ.

"ಬ್ಯಾಡ ಲಲಿತಾ. ನಾ ಇರೂದ ಅವರ ದೇಶದಾಗ. ನಾಳೆ ನನ್ನ ಕಾರ್ಡಿಗೂ ಕಲ್ಲ ಹಾಕಿದ್ರ?"

"ನೀವು ಅಲ್ಲಿ ಕಳವ ಮಾಡೀರೇನ್ರಿ?"

"ಕಳವ ಯಾಕ ಮಾಡ್ಲಿ!"

"ಮತ್ಯಾಕ ಹೆದರ್ತೀರಿ?"

"ಹೆದರಿಕಿ ಅಲ್ಲ, ನೋಡು..." ಎನ್ನುವಷ್ಟರಲ್ಲಿ ಅವನ ಮುಖ ಪರದೆಯ ಮೇಲೆ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತು. ನೆಟ್‌ವರ್ಕ್ ಹೋಗಿತ್ತು. ಆ ನಿಂತ ಮುಖವನ್ನು ನೋಡುತ್ತ ಲಲಿತಾಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಇವನು ಸಿಟ್ಟಿಗೆದ್ದರೆ ಹೇಗಿರುತ್ತಾನೆ ಎಂಬುದೇ ತನಗೆ ಗೊತ್ತಿಲ್ಲವಲ್ಲ ಅನ್ನಿಸಿತು.

ವಾರದ ರಜೆಗೆ ಹೊನವಾಡಕ್ಕೆ ಹೋದಳು. ತೋಟದಲ್ಲಿ ಬಳ್ಳಿ ಸವರುವ ಚಾಟ್ನಿ ಕೆಲಸ ನಡೆದಿತ್ತು. ಖಂಡಪ್ಪ ಚಪ್ಪರದ ಕೆಳಗೆ ಬಾಗಿಕೊಂಡು, ಆಳುಗಳು ಕತ್ತರಿಸಿದ್ದನ್ನು ಮತ್ತೊಮ್ಮೆ ತಿದ್ದುತ್ತಿದ್ದ. ಮಗಳು ಅಳುಕುತ್ತಲೇ ವಿಷಯ ತೆಗೆದಳು. ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ಕತ್ತರಿ ಕೆಳಗಿಟ್ಟು, ಅಲ್ಲೇ ಮಣ್ಣಿನ ಮೇಲೆ ಕೂತ.

"ಯಪ್ಪಾ, ನೀ ಬ್ಯಾಡ ಅಂದ್ರ ಬಿಡ್ತೀನಿ," ಎಂದಳು.

"ನಾ ಯಾಕ ಬ್ಯಾಡ ಅನ್ಲಿ? ನಂದ ಬ್ಯಾರೆ ಇತ್ತವ್ವಾ. ನನ್ನ ಎದುರ ನಿಂತಾಂವ ನಮ್ಮಣ್ಣ ಇದ್ದ. ಗೆದ್ದರೂ ಅವನ ಮನಿ, ಸೋತರೂ ಅವನ ಮನಿ, ದಿನಾ ಅದರ ಮುಂದನ ಹಾಯಬೇಕಾಗಿತ್ತು. ನಿನ್ನ ಎದುರ ಯಾರದಾರ ಹೇಳು? ಒಂದ ಆಫೀಸ. ಆಫೀಸೇನ ನಾಳೆ ಮದುವಿಗಿ ಕರೀಲಾರದ ಬಿಡತೈತೇನ?"

ಮತ್ತೆ ಕತ್ತರಿ ಎತ್ತಿಕೊಳ್ಳುತ್ತ ಕೇಳಿದ, "ನಿಮ್ಮತ್ತಿ ಏನಂತಾಳ?"

ಅತ್ತೆಗೆ ಅವಳಿನ್ನೂ ಹೇಳಿಯೇ ಇರಲಿಲ್ಲ.

ಆದರೆ ಊರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಫೋನಿನ ಮಾತು ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದ ಪಕ್ಕದ ಮನೆಯ ರುಕ್ಮವ್ವ, "ನಿನ್ನ ಸಣ್ಣ ಸೊಸಿ ಕೆನಡಾದ ಮ್ಯಾಲ ಕೇಸ ಹಾಕಾಕತ್ತಾಳಂತ," ಎಂದು ಹೇಳಿ ಹೋಗಿದ್ದಳು. ಲಲಿತಾ ಬಂದಾಗ ಚಹಾ ಕುದಿಯುತ್ತಿರಲಿಲ್ಲ. ಸಾವಂತ್ರವ್ವ ಹಟ್ಟಿಯಲ್ಲಿದ್ದಳು. ಮೇಯ್ದು ಬಂದ ಕುರಿಗಳೆಡೆಗೆ ಮರಿಗಳನ್ನು ಬಿಡುವ ಹೊತ್ತು. ತಾಯಿಗಳ ಕೂಗು, ಮರಿಗಳ ಕೂಗು, ಒಂದರ ಮಾತು ಒಂದಕ್ಕೆ ಕೇಳದಷ್ಟು ಗದ್ದಲ. ಪ್ರತಿ ಮರಿಯೂ ತನ್ನ ತಾಯಿಯನ್ನು ಹುಡುಕಿಕೊಂಡು ಸೇರುವವರೆಗೂ ಅತ್ತೆ ಮಾತಾಡಲಿಲ್ಲ. ಆಮೇಲೆ ಕೇಳಿದಳು.

"ಕೇಸ ಹಾಕಿ ಏನ ಕೇಳ್ತಿ? ರೊಕ್ಕ ಕೇಳ್ತಿ?"

"ಇಲ್ರಿ ಅತ್ತಿ."

"ನನಗ ಕಾರ್ಡ ಕೊಡಾಕ ಬೇಕು ಅಂತ ಜಗ್ಗಾಡ್ತಿ?"

"ಅದೂ ಇಲ್ರಿ. ಹೂಂ ಅನ್ರಿ, ಇಲ್ಲ ಅನ್ರಿ, ಏನರೆ ಒಂದ ಹೇಳ್ರಿ ಅಂತ ಕೇಳೂದಷ್ಟ."

"ಅಷ್ಟ?"

"ಅಷ್ಟರಿ."

ಸಾವಂತ್ರವ್ವ ಸೊಸೆಯ ಕಡೆ ತಿರುಗಿದಳು. "ಅಷ್ಟ ಕೇಳಾಕ ಇಷ್ಟ ಹೆದರಬೇಕೇನವ್ವಾ? ಮನಿ ಬಾಗಲಕ್ಕ ಬಂದ ಭಿಕ್ಷಾದವ್ರಿಗೂ ನಾವು ಮುಂದ ಹೋಗಪ್ಪಾ ಅಂತ ಹೇಳ್ತೇವಿ. ಸುಮ್ಮನ ನಿಂದರ್ಸೂದಿಲ್ಲ."

ಲಲಿತಾ ಅಲ್ಲೇ ಕಲ್ಲಿನ ಮೇಲೆ ಕೂತಳು. "ಒಂದ ವ್ಯಾಳ್ಯಾ ಹೂಂ ಅಂದ್ರ ನಾ ಹೋಗಬೇಕಾಗತೈತ್ರಿ ಅತ್ತಿ."

"ನೀ ಹೋದ್ರ ನನಗ ಬ್ಯಾಸರ ಆಗತೈತಿ. ಉಣ್ಣಾಕ ಹೋಗೂದಿಲ್ಲ ನಾಕ ದಿನ. ಅದ ಬ್ಯಾರೆ ಮಾತು. ನನ್ನ ಬ್ಯಾಸರಕ್ಕ ನಿನ್ನ ಹಿಡಕೊಂಡ ಕುಂತ್ರ ನಾನೂ ಆ ಆಫೀಸಿನಂಗ ಆದ್ನೆಲ್ಲ."

ಅಷ್ಟು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡು, ಮರಿಯೊಂದು ದಾರಿಗಡ್ಡ ಬಂದಿತೆಂದು ಅದಕ್ಕೆ ಬೈದಳು. ಆ ಹೊತ್ತಿಗೆ ಸರಿಯಾಗಿ ಫೋನು ಬಡಿದುಕೊಂಡಿತು. ಸಾವಂತ್ರವ್ವ ಸೊಸೆಯ ಕೈಯಿಂದ ಅದನ್ನು ಕಸಿದುಕೊಂಡಳು. ಮಗ ಎಂದಿನಂತೆ ಕುರಿಗಳತ್ತ ಫೋನು ತಿರುಗಿಸಿದ.

"ಕುರಿ ಇರ್ಲಿ, ನಿನ್ನ ಮಾರಿ ತೋರ್ಸು. ಲೇ, ಲಗ್ನ ಮಾಡ್ಕೊಂಡಾಂವ ನೀ. ಹೇಣ್ತಿನ ಕರ್ಕೊಳ್ಳಾಕ ನಿಂಗ ಧೈರ್ಯ ಸಾಲೂದಿಲ್ಲಂದ್ರ ನಾ ಬರ್ಲೇನ ಅಲ್ಲಿ ಆಫೀಸಿಗಿ?"

"ಬ್ಯಾಡ ಬೇ ಯವ್ವಾ," ಎಂದ ಅಮೋಘಸಿದ್ದ ಗಾಬರಿಯಿಂದ, ತಾಯಿ ನಿಜಕ್ಕೂ ಹೊರಟು ನಿಂತಿದ್ದಾಳೆ ಎಂಬಂತೆ. ಮರುದಿನ ಇಬ್ಬರೂ ಒಪ್ಪಿಗೆ ಕಳಿಸಿದರು. ವಕೀಲೆಯ ಫೀಜನ್ನು ಅವನೇ ಕಟ್ಟಿದ.

ವಕೀಲೆ ಒಂದು ಮಾತು ಕೇಳಿದ್ದಳು: ಈ ವಿಳಂಬದಿಂದ ನಿಮಗಾದ ಹಾನಿಯನ್ನು ನಿಮ್ಮ ಮಾತಿನಲ್ಲೇ ಬರೆದು ಕೊಡಿ. ರುಕ್ಸಾರಳ ಹೊಲಿಗೆ ಯಂತ್ರದ ಪಕ್ಕ ಕೂತು ಲಲಿತಾ ಬರೆಯಲು ಶುರು ಮಾಡಿದಳು. ಹಗಲಿರುಳು ಕಣ್ಣೀರು ಸುರಿಸುತ್ತಿದ್ದೇನೆ ಎಂದು ಬರೆದು ಹೊಡೆದು ಹಾಕಿದಳು; ಅದು ಸುಳ್ಳು. ಊಟ ಸೇರುವುದಿಲ್ಲ ಎಂದು ಬರೆದಾಗ ರುಕ್ಸಾರ ಅವಳ ಮುಂದಿನ ಖಾಲಿ ತಟ್ಟೆ ನೋಡಿ ಕಿಸಕ್ಕನೆ ನಕ್ಕಳು. ಕೊನೆಗೆ ಇದ್ದದ್ದನ್ನೇ ಬರೆದಳು. ನನಗೆ ಇಲ್ಲಿ ಯಾವ ಕಷ್ಟವೂ ಇಲ್ಲ. ಕೆಲಸವಿದೆ, ನನ್ನ ಅತ್ತೆ ಒಳ್ಳೆಯವಳು. ಆದರೆ ನನಗೆ ವಯಸ್ಸಾಗುತ್ತಿದೆ. ದಿನವೂ ಬೇರೆಯವರ ಮಕ್ಕಳನ್ನು ಎತ್ತಿಕೊಳ್ಳುತ್ತೇನೆ, ನನಗೂ ಒಂದು ಬೇಕು. ನಾನೂ ನನ್ನ ಗಂಡನೂ ಇನ್ನೂ ಒಮ್ಮೆಯೂ ಸರಿಯಾಗಿ ಜಗಳ ಆಡಿಲ್ಲ. ಜಗಳ ಶುರುವಾದರೆ ನೆಟ್‌ವರ್ಕ್ ಹೋಗುತ್ತದೆ. ನೀವು ಇಲ್ಲ ಅಂದರೆ ಅವರೇ ಇಲ್ಲಿಗೆ ಬರುತ್ತಾರೆ. ಏನನ್ನೂ ಹೇಳದಿದ್ದರೆ ಇಬ್ಬರೂ ಎಲ್ಲಿಯೂ ಬಾಳುವುದಕ್ಕಾಗುವುದಿಲ್ಲ.

ಓದಿದ ವಕೀಲೆ ಒಂದು ಅಕ್ಷರವನ್ನೂ ತಿದ್ದದೆ ಹಾಗೇ ಸೇರಿಸಿದಳು.

ದಾವೆ ವಿಚಾರಣೆಗೆ ಬರಲೇ ಇಲ್ಲ. ಬೇಸಿಗೆಯ ಹೊತ್ತಿಗೆ ಸರ್ಕಾರದ ವಕೀಲರು, ಈ ಅರ್ಜಿಗಳನ್ನೆಲ್ಲ ಬೇಗ ಇತ್ಯರ್ಥ ಮಾಡುತ್ತೇವೆ ಎಂದು ಒಪ್ಪಿಕೊಂಡರಂತೆ. ಲಲಿತಾಳಿಗೆ ಮಂಜೂರಾತಿ ಬಂದಾಗ ಅವಳ ಕೈಯಲ್ಲಿ ಆಗಷ್ಟೇ ಹುಟ್ಟಿದ ಕೂಸಿತ್ತು. ಅದನ್ನು ಒರೆಸಿ, ಸುತ್ತಿ, ತಾಯಿಯ ಮಗ್ಗುಲಿಗೆ ಮಲಗಿಸಿದ ಮೇಲೆಯೇ ಫೋನು ನೋಡಿದಳು. ಔಷಧದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಮೊದಲು ಫೋನು ಮಾಡಿದ್ದು ಅತ್ತೆಗೆ.

ಅದೇ ವಾರ ರುಕ್ಸಾರಳಿಗೂ ಉತ್ತರ ಬಂತು. ತಿರಸ್ಕಾರ. ಆರಿಫನ ಹಳೆಯ ಯಾವುದೋ ಕಾಗದದ ವಿಳಾಸ ತಾಳೆಯಾಗಲಿಲ್ಲವಂತೆ. ಲಲಿತಾಳಿಗೆ ತನ್ನ ಸಂತೋಷವೇ ತಪ್ಪು ಅನ್ನಿಸಿ, ಹೋಗಲೋ ಬೇಡವೋ ಎಂದು ಓಣಿಯ ತಿರುವಿನಲ್ಲಿ ನಿಂತುಕೊಂಡಳು. ಕಿಟಕಿಯಿಂದ ನೋಡಿದ ರುಕ್ಸಾರಳೇ ಕೂಗಿ ಕರೆದಳು. ಕಣ್ಣು ಊದಿದ್ದವು.

"ನಿನ್ನ ಎಳಕೊಂಡ ಹೋದಾಕಿ ನಾನು, ದಾಟಿದಾಕಿ ನೀನು," ಎಂದಳು. ಲಲಿತಾ ಅವಳನ್ನು ತಬ್ಬಿಕೊಂಡಳು. ಇಬ್ಬರೂ ಸಾಕಾಗುವಷ್ಟು ಅತ್ತ ಮೇಲೆ ರುಕ್ಸಾರ ಮುಖ ತೊಳೆದು ಬಂದಳು. "ಒಂದ ಮಾತ ಖರೇ ಅಕ್ಕಾ. ನಿನ್ನೆ ಅತ್ತ ಅತ್ತ ಮಕ್ಕೊಂಡೆ. ಎಷ್ಟ ದಿನದ ಮ್ಯಾಲ ಹಂಗ ನಿದ್ದಿ ಹತ್ತಿತ್ತೋ. ಆರಿಫ ಬರ್ತೀನಿ ಅಂದಾರ. ಮತ್ತ ಅರ್ಜಿ ಹಾಕೂದಿಲ್ಲ. ಬಬಲೇಶ್ವರದಾಗ ಅಪ್ಪನ ಅಂಗಡಿ ಖಾಲಿ ಐತಿ, ಅಲ್ಲೇ ಬೇಕರಿ ಹಾಕೋಣು ಅಂದಾರ."

ಆರಿಫ ಬಂದ. ಬೇಕರಿ ಶುರುವಾದ ದಿನ ಲಲಿತಾ ಅತ್ತೆಯನ್ನು ಕರೆದುಕೊಂಡು ಬಬಲೇಶ್ವರಕ್ಕೆ ಹೋದಳು. ಬಿಸಿ ಬಿಸಿ ಬನ್ನು ಕೈಯಲ್ಲಿ ಹಿಡಿದು ಸಾವಂತ್ರವ್ವ ಹಿಗ್ಗಿದಳು; ರುಕ್ಸಾರ ಗಲ್ಲಾದ ಹಿಂದೆ ನಿಂತು, ಬಂದವರಿಗೆಲ್ಲ ಗಂಡನನ್ನು ಹೊಸ ಸಾಮಾನಿನ ಹಾಗೆ ತೋರಿಸುತ್ತಿದ್ದಳು. ಮುಂದಿನ ವಾರ ಲಲಿತಾ ಹೊರಟಳು. ಖಂಡಪ್ಪ, ಸಾವಂತ್ರವ್ವ, ರುಕ್ಸಾರ, ಆರಿಫ ಎಲ್ಲರೂ ಸ್ಟೇಷನ್ನಿಗೆ ಬಂದಿದ್ದರು. ಸಾವಂತ್ರವ್ವ ಅಳಲಿಲ್ಲ. ರೈಲು ಸರಿದ ಮೇಲೆ, "ಚಹಾ ಯಾರಿಗಿ ಕುದಸ್ಲಿ?" ಎಂದಷ್ಟೇ ಅಂದಳೆಂದು ರುಕ್ಸಾರ ಆಮೇಲೆ ಹೇಳಿದಳು.

ಈಗ ಲಲಿತಾ ಅಲ್ಲಿ ವೃದ್ಧರ ಆರೈಕೆಯ ಮನೆಯೊಂದರಲ್ಲಿ ಕೆಲಸ ಮಾಡುತ್ತ, ಮತ್ತೆ ನರ್ಸ್ ಆಗಲು ಪರೀಕ್ಷೆಗೆ ಓದುತ್ತಿದ್ದಾಳೆ. ಫಾರ್ಮಿನಿಂದ ಊರು ದೂರ, ಬಸ್ಸಿಲ್ಲ. ಅದಕ್ಕೆ ಗಾಡಿ ಓಡಿಸುವುದನ್ನು ಅಮೋಘಸಿದ್ದನೇ ಕಲಿಸುತ್ತಿದ್ದಾನೆ. ಮೊನ್ನೆ ಹಿಮದಲ್ಲಿ ಗಾಡಿ ಜಾರಿ ಬೇಲಿಗೆ ತಾಗಿ ಸಿಕ್ಕಿಕೊಂಡಿತು. ಅವನು ಕೂಗಾಡಿದ, ಇವಳು ಅವನಿಗಿಂತ ಜೋರಾಗಿ ಕೂಗಿದಳು. ಇಬ್ಬರೂ ಮಾತು ಬಿಟ್ಟು ಅರ್ಧ ದಾರಿ ನಡೆದು, ಚಳಿ ತಡೆಯಲಾರದೆ ಒಬ್ಬರ ಜೇಬಿನಲ್ಲಿ ಒಬ್ಬರು ಕೈ ಇಟ್ಟುಕೊಂಡು ಮನೆ ಸೇರಿದರು.