ಒಂದೂವರೆ ಮೇಡಂ ಮತ್ತು ಗಾಳಿಯ ಲೆಕ್ಕ

ಗಣಿತ ಕಲಿಸುವ ನನ್ನ ವಾರಗಿತ್ತಿಗೆ ಅವರ ಕಾಲೇಜಿನಲ್ಲಿ ‘ಒಂದೂವರೆ ಮೇಡಂ’ ಎಂದು ಹೆಸರಿಟ್ಟಿದ್ದರು. ಎದುರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬೆನ್ನ ಹಿಂದೆ ಗುಮಾಸ್ತರಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಎಲ್ಲರೂ ಹೇಳುತ್ತಿದ್ದರು. ಅಕ್ಕನಿಗೆ, ಅವರನ್ನು ನಾನು ಕರೆಯುವುದೇ ಹಾಗೆ, ಇದೆಲ್ಲ ಗೊತ್ತಿತ್ತು. ಅವರು ನಗುತ್ತಿದ್ದರು. ಮೈ ಉರಿಯುತ್ತಿದ್ದದ್ದು ನನಗೆ.

ಅಣ್ಣತಮ್ಮಂದಿರಿಬ್ಬರೂ ಒಂದೇ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ನನ್ನ ಟೈಲರಿಂಗ್ ಅಂಗಡಿ, ಹಿಂದಿನ ಕೋಣೆಯಲ್ಲಿ ಅಕ್ಕನ ಕರಿಹಲಗೆ, ನಡುವೆ ಅತ್ತೆಯ ಆರಾಮಕುರ್ಚಿ. ಒಂದು ಕಡೆಯಿಂದ ಮೆಷಿನ್ನಿನ ಸದ್ದು, ಇನ್ನೊಂದು ಕಡೆಯಿಂದ ಸೀಮೆಸುಣ್ಣದ ಧೂಳು. “ಎಂಥೆಂಥ ಸೊಸೇರನ್ನ ತಂದ್ಕೊಂಡ್ನಪ್ಪಾ” ಎಂದು ಅತ್ತೆ ಸೀನುತ್ತಲೇ ಗೊಣಗುತ್ತಿದ್ದರು.

“ಅಷ್ಟಕ್ಕೂ ನೀವು ಮಾಡೋದೇನು ಅಕ್ಕಾ?” ಎಂದು ಒಂದು ದಿನ ಕೇಳಿಯೇಬಿಟ್ಟೆ. ಗಾಳಿಯಂಥ ಅನಿಲ ಒತ್ತಿದರೆ ಕುಗ್ಗುತ್ತದೆ, ಹರಿಯುವಾಗ ತನ್ನೊಳಗೇ ತಿಕ್ಕಾಡುತ್ತದೆ. ಅದು ಹೇಗೆ ಹರಿಯುತ್ತದೆ ಎನ್ನುವ ಸಮೀಕರಣಗಳು ಬಹಳ ಹಿಂದಿನಿಂದ ಇವೆ. ಆದರೆ ಅವಕ್ಕೆ ಪರಿಹಾರ ಎನ್ನುವುದು ಇದೆಯೇ ಇಲ್ಲವೇ? ಅಕ್ಕನ ತಲೆನೋವು ಅದು.

“ಇದೆ ಅಂತ ಗೊತ್ತಾದ್ರೆ ಸಿಕ್ಕಿಬಿಡುತ್ತಾ?”

“ಇಲ್ಲ. ಇದೆ ಅಂತ ಗೊತ್ತಾಗುತ್ತೆ, ಅಷ್ಟೆ.”

“ಓಹೋ, ಅತ್ತೆ ಕನ್ನಡಕದ ಹಾಗೆ. ಮನೇಲೇ ಇದೆ, ಎಲ್ಲಿದೆ ಗೊತ್ತಿಲ್ಲ.”

ಅಕ್ಕ ಬಿದ್ದು ಬಿದ್ದು ನಕ್ಕರು. ಅದೂ ಗಟ್ಟಿ ಪರಿಹಾರವಲ್ಲವಂತೆ, ‘ದುರ್ಬಲ ಪರಿಹಾರ’ವಂತೆ. ಒಂದೊಂದು ಬಿಂದುವಿನಲ್ಲೂ ಸರಿಯಿದೆಯೇ ಎಂದು ಪೀಡಿಸಬಾರದು; ಎಲ್ಲಿ ಹೇಗೆ ಸರಾಸರಿ ತೆಗೆದು ನೋಡಿದರೂ ಲೆಕ್ಕ ಕೂಡಿಬಂದರೆ ಸಾಕು. ನಾನು ಗಿರಾಕಿಗಳಿಗೆ ಹೇಳುವುದೂ ಇದನ್ನೇ. ಹೊಲಿಗೆಗೆ ಕಣ್ಣಿಟ್ಟು ನೋಡಬೇಡಿ, ಹಾಕಿಕೊಂಡು ಓಡಾಡಿ, ಮೈಗೆ ಕೂತರೆ ಆಯಿತಲ್ಲ!

ಇನ್ನು ಆ ಹೆಸರಿನ ಕಥೆ. ಒತ್ತಿದರೆ ಅನಿಲ ಎಷ್ಟು ಮೊಂಡು ಹಿಡಿಯುತ್ತದೆ ಎನ್ನುವುದಕ್ಕೆ ಒಂದು ಅಂಕಿಯಿದೆ. ಅದು ಒಂದೂವರೆಗಿಂತ ಹೆಚ್ಚಿದ್ದರೆ ಪರಿಹಾರ ಇದ್ದೇ ಇದೆ ಎಂದು ದೊಡ್ಡವರು ಆಗಲೇ ಸಾಧಿಸಿದ್ದಾರೆ. ಗಾಳಿಯ ಅಂಕಿ ಒಂದು ಪಾಯಿಂಟ್ ನಾಲ್ಕು. ಇಷ್ಟೇ ಇಷ್ಟು ಕಡಿಮೆ.

“ಅಂದ್ರೆ ನಾವು ಉಸಿರಾಡೋ ಗಾಳಿ ಲೆಕ್ಕಕ್ಕೇ ಇಲ್ವಾ?” ಅತ್ತೆ ರೇಗಿದರು.

“ಅದನ್ನ ಲೆಕ್ಕಕ್ಕೆ ತರೋಕೇ ಒದ್ದಾಡ್ತಿರೋದು, ಅತ್ತೆ.”

ಒದ್ದಾಡಿದ್ದು ಒಂದೆರಡು ವರ್ಷವೇ? ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಅಕ್ಕ ಅದನ್ನೇ ನೋಡುತ್ತ ನಿಂತಿರುತ್ತಿದ್ದರು. ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಚಪ್ಪಲಿ ಮೆಟ್ಟಿ ಕಾಲೇಜಿಗೆ ಹೋದದ್ದೂ ಉಂಟು. ಬಟ್ಟೆಗೆ ಗುರುತು ಹಾಕುವ ನನ್ನ ಸೀಮೆಸುಣ್ಣ ಮಾಯವಾದರೆ ನಾನು ಹುಡುಕುತ್ತಿದ್ದದ್ದು ಅವರ ಹಲಗೆಯ ಕೆಳಗೆ.

ಕೊನೆಗೊಂದು ಬೆಳಿಗ್ಗೆ ಅಂಗಡಿಗೇ ಓಡಿಬಂದು, ಗಿರಾಕಿಯ ಎದುರಿಗೇ ನನ್ನನ್ನು ತಬ್ಬಿಕೊಂಡರು. “ಆಯ್ತು ಕಣೇ! ಗಾಳಿಗೂ ಆಯ್ತು!”

ಅದೇ ಸಮಯಕ್ಕೆ ಕಾಲೇಜಿನಲ್ಲಿ ಪ್ರೊಫೆಸರ್ ಹುದ್ದೆ ಖಾಲಿಯಿತ್ತು. ನಿವೃತ್ತಿ ಹತ್ತಿರವಾಗಿತ್ತು, ಇದು ತಪ್ಪಿದರೆ ಅಕ್ಕನಿಗೆ ಇನ್ನೊಂದಿಲ್ಲ. ಹೊರಗಿನಿಂದ ಬರುವ ಮೂವರು ತಜ್ಞರ ಮುಂದೆ ಈ ಸಾಧನೆಯನ್ನು ವಿವರಿಸಬೇಕು, ಅವರು ಒಪ್ಪಿದರೆ ಹುದ್ದೆ ಅಕ್ಕನದು. ನಾನು ಸುಮ್ಮನಿರುವವಳೇ? ಅಳತೆ ಕೊಡಲು ಬಂದವರಿಗೆಲ್ಲ ಡಂಗುರ ಸಾರಿದೆ. ಅಕ್ಕನಿಗೊಂದು ಬೂದುಬಣ್ಣದ ಕೋಟು ಹೊಲಿದೆ.

ಆ ದಿನ ಭಾವನವರೂ ನಾನೂ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತೆವು. ಅಕ್ಕ ಹಲಗೆಯ ನೆತ್ತಿಯ ಮೇಲೆ 1.4 ಎಂದು ಬರೆದು ಶುರುಮಾಡಿದರು. ಮೂವರೂ ತಲೆದೂಗುತ್ತಿದ್ದರು. ನನಗಂತೂ ಹೊಟ್ಟೆಗೆ ಹಾಲು ಹುಯ್ದಷ್ಟು ಸಂತೋಷ. ಅರ್ಧ ಹಲಗೆ ತುಂಬಿತ್ತು, ಅಕ್ಕನ ಕೈ ನಿಂತುಹೋಯಿತು.

“ಮರ್ತೋಯ್ತಾ ಇವಳಿಗೆ?” ಭಾವನವರು ಪಿಸುಗುಟ್ಟಿದರು.

ಅಕ್ಕ ಮೇಲಿನ ಸಾಲುಗಳ ಮೇಲೆ ಬೆರಳಾಡಿಸಿದರು. ಆಮೇಲೆ ತಿರುಗಿ, “ಈ ಸಾಲು ತಪ್ಪು” ಅಂದರು.

ಏನಾಗಿತ್ತೆಂದು ನನಗೆ ತಿಳಿದದ್ದು ಆಮೇಲೆ. ಸರಾಸರಿ ಸಾಂದ್ರತೆಯ ಒತ್ತಡವೂ ಒತ್ತಡಗಳ ಸರಾಸರಿಯೂ ಒಂದೇ ಎಂದು ಅಕ್ಕ ಅಲ್ಲಿ ಸದ್ದಿಲ್ಲದೆ ಹಿಡಿದುಬಿಟ್ಟಿದ್ದರು. ಅದಕ್ಕೆ ಅವರು ಕೊಟ್ಟಿದ್ದ ಕಾರಣ ನಿಲ್ಲಬೇಕಾದರೆ ಅಂಕಿ ಒಂದೂವರೆ ದಾಟಿರಲೇಬೇಕಂತೆ.

ತಜ್ಞರಲ್ಲಿ ಹಿರಿಯರು ಎದ್ದು ನಿಂತರು. “ಸಣ್ಣ ತೊಡಕು ಮೇಡಂ. ಆಮೇಲೆ ಸರಿಮಾಡ್ಕೋಬಹುದು. ಮುಂದುವರಿಸಿ.”

ಪಾಪ, ಒಳ್ಳೆಯ ಮನುಷ್ಯ. ಹ್ಞೂಂ ಅನ್ನಿ ಅಕ್ಕಾ, ಒಂದು ಸಲ ಹ್ಞೂಂ ಅನ್ನಿ ಎಂದು ನಾನು ಕೂತಲ್ಲೇ ಬೇಡಿಕೊಂಡೆ.

“ಇಲ್ಲ ಸರ್. ಇದು ಸರಿಹೋಗೋ ತಪ್ಪಲ್ಲ” ಎಂದು ಅಕ್ಕ 1.4 ಅನ್ನು ಒರೆಸಿದರು. ಸಂಜೆಯ ಹೊತ್ತಿಗೆ ಹುದ್ದೆ ಇನ್ನೊಬ್ಬರ ಪಾಲಾಯಿತು.

ಬಸ್ಸಿನುದ್ದಕ್ಕೂ ಭಾವನವರು “ಎಂಥ ಪ್ರಾಮಾಣಿಕತೆ!” ಎಂದು ಹೊಗಳಿದ್ದೇ ಹೊಗಳಿದ್ದು. ನಾನು ಹಲ್ಲು ಕಚ್ಚಿ ಕೂತಿದ್ದೆ. ಮನೆಗೆ ಬಂದು, ಹಿಂದಿನ ಕೋಣೆಯಲ್ಲಿ ನಾವಿಬ್ಬರೇ ಆದ ಮೇಲೆ ತಡೆಯಲಾಗಲಿಲ್ಲ. “ಅವರೇ ಮುಂದುವರಿಸಿ ಅಂದ್ರಲ್ಲ! ಏನಾಗಿತ್ತು ನಿಮಗೆ ದಾಡಿ? ಸುಮ್ನಿದ್ದಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು?”

ಅಕ್ಕ ಕೋಟು ಬಿಚ್ಚಿ ಹ್ಯಾಂಗರಿಗೆ ಹಾಕಿದರು.

“ಬಸ್ಸಲ್ಲಿ ಅವರು ಹೊಗಳಿದ್ದು ಕೇಳಿ ನಂಗೆ ನಾಚಿಕೆ ಆಗ್ತಿದೆ ಕಣೇ. ಅಲ್ಲಿ ಎಲ್ಲರ ಮುಂದೆ ಕೈ ನಿಂತುಹೋಯ್ತು, ಹೇಳಿಬಿಟ್ಟೆ. ನಿನ್ನೆ ಇಲ್ಲೇ, ಒಬ್ಬಳೇ ಇದ್ದಾಗ ಕಣ್ಣಿಗೆ ಬಿದ್ದಿದ್ರೆ ಹೇಳ್ತಿದ್ನಾ?”

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. “ಹೇಳ್ತಿದ್ರಿ ಅಕ್ಕಾ. ಖಂಡಿತ ಹೇಳ್ತಿದ್ರಿ.”

“ಸಾಧಿಸಿ ತೋರಿಸು ನೋಡೋಣ” ಅಂದರು. ನಗಲು ಹೋಗಿ ಅಳತೊಡಗಿದರು.

ಸುಣ್ಣ ಮೆತ್ತಿದ ಅವರ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತೆ.